ಎಡಗಾಲು ಕೈಕೊಟ್ಟ ಮೇಲೆ

ಮೇ ತಿಂಗಳಲ್ಲಿ ಹೊಸದುರ್ಗದ ಬಟ್ಟೆ ಅಂಗಡಿಗೆ ಹೋಗಿ ಉಣ್ಣೆಯ ಸ್ವೆಟರ್ ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಫ್ಯಾನು ಜೋರು ಮಾಡುತ್ತಾರೆ. ನಮಗೂ ಹಾಗೇ ಆಯಿತು. "ಯಾಕ್ರೀ ಮೇಡಂ, ಹುಷಾರಿಲ್ವಾ?" ಎಂದು ಕೇಳಿಯೇ ಅಂಗಡಿಯವರು ಅಟ್ಟದಿಂದ ಧೂಳು ಹಿಡಿದ ಗಂಟು ಇಳಿಸಿದ್ದು. ನ್ಯೂಜಿಲೆಂಡಿಗೆ ಹೊರಟಿದ್ದೇವೆ, ಅಲ್ಲೀಗ ಚಳಿಗಾಲದ ಬಾಗಿಲು ಎಂದೆ.

"ಚಳಿಯಾಗೆ ಯಾರಾನ ಟೂರ್ ಹೋಗ್ತಾರೇನ್ರೀ?"

"ಯಾರೂ ಹೋಗಲ್ಲ ಅಂತಾನೇ ನಾವು ಹೋಗ್ತಿರಾದು" ಎಂದರು ನಮ್ಮ ಯಜಮಾನರು, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ.

ಯಜಮಾನರು ಎಂದರೆ ತಿಪ್ಪೇಸ್ವಾಮಿಯವರು. ಪೇಟೆಯಲ್ಲಿ ನೋಟ್‌ಬುಕ್ಕು, ಪೆನ್ನು, ಗೈಡುಗಳ ಅಂಗಡಿ ಇಟ್ಟಿದ್ದಾರೆ. ನಾನು ಗಿರಿಜಾ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಶಾಲೆ ಮುಚ್ಚಿದರೆ ಇಬ್ಬರಿಗೂ ಬಿಡುವು. ಆ ಬಿಡುವಿನಲ್ಲಿ ಗಿರಾಕಿಗಳಿಲ್ಲದ ಕೌಂಟರಿನ ಹಿಂದೆ ಕುಳಿತು ಇವರು ಮೊಬೈಲಿನಲ್ಲಿ ನೋಡುತ್ತಿದ್ದದ್ದು ಒಂದೇ ಜಾತಿಯ ವಿಡಿಯೋ. ಯಾರೋ ಗಂಡಹೆಂಡತಿ ಮನೆಯಂಥ ವ್ಯಾನಿನಲ್ಲಿ ಮಲಗಿ, ಅಲ್ಲೇ ಬೇಯಿಸಿ ತಿಂದು, ಬೆಳಿಗ್ಗೆ ಎದ್ದು ಸರೋವರದ ದಡದಲ್ಲಿ ಲೋಟ ಹಿಡಿದು ಕುಳಿತಿರುತ್ತಾರೆ. ಅಂಥ ಗಂಡಸರೆಲ್ಲ ವಿಡಿಯೋದಲ್ಲಿ ತಾವೇ ಪಾತ್ರೆ ತೊಳೆಯುತ್ತಾರೆ ಎಂಬುದನ್ನು ಇವರು ಗಮನಿಸಿರಲಿಲ್ಲ.

ದೇಶ ಆರಿಸಿದ್ದೂ ಇವರೇ. ಕಾರಣ ಒಂದೇ: "ಅಲ್ಲೂ ನಮ್ಮಂಗೇ ಎಡಗಡೆ ಓಡುಸ್ತಾರೆ."

ಕ್ರೈಸ್ಟ್‌ಚರ್ಚ್

ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲಗಳನ್ನು ಮೇಜಿನ ಮೇಲೆ ಬಿಚ್ಚಿಸಿದ ಅಧಿಕಾರಿ ಹುಡುಗಿ ಬಹಳ ಒಳ್ಳೆಯವಳು. ಆ ದೇಶದವರಿಗೆ ಹೊರಗಿನ ಮಣ್ಣು, ಬೀಜ, ಹುಳ ಎಂದರೆ ಭಯ. ರಾಗಿ ಹಿಟ್ಟನ್ನು ಮೂಸಿ ನೋಡಿ ಬಿಟ್ಟಳು. ಶೇಂಗಾ ಚಟ್ನಿಪುಡಿಯನ್ನು ಮೂಸಿ ನೋಡಿ ಸೀನಿದಳು, ಅದನ್ನೂ ಬಿಟ್ಟಳು. ಮಂಡಕ್ಕಿಯ ಚೀಲವನ್ನು ಅಲುಗಿಸಿ ನಕ್ಕಳು. ಆಮೇಲೆ ಇವರ ವಿಭೂತಿ ಗಟ್ಟಿ ಸಿಕ್ಕಿತು.

"ಇದೇನು?"

"ಬೂದಿ" ಎಂದರು ಇವರು ಇಂಗ್ಲಿಷಿನಲ್ಲಿ.

"ಯಾವುದರ ಬೂದಿ?"

ನಾನು ಕಣ್ಣಲ್ಲೇ ಬೇಡ ಎಂದೆ. ಆದರೆ ಸತ್ಯ ಹೇಳುವುದರಲ್ಲಿ ಇವರಿಗೆ ಯಾವಾಗಲೂ ಅವಸರ. ಹಸುವಿನ ಸಗಣಿ ಎಂಬುದನ್ನು ಎರಡು ಸಲ, ಎರಡನೆಯ ಸಲ ಇನ್ನಷ್ಟು ಸ್ಪಷ್ಟವಾಗಿ, ಹೇಳಿಬಿಟ್ಟರು. ಹುಡುಗಿ ಒಳಗೆ ಹೋಗಿ ಇನ್ನೊಬ್ಬರನ್ನು ಕೇಳಿಕೊಂಡು ಬಂದಳು. ಗಟ್ಟಿಯನ್ನು ಬಿಡಲಾಗುವುದಿಲ್ಲ, ಕ್ಷಮಿಸಿ ಎಂದಳು. ಆಮೇಲೆ ಇವರ ಹಣೆಯ ಮೂರು ಪಟ್ಟೆಗಳನ್ನು ನೋಡಿ, ಸ್ವಲ್ಪ ಯೋಚಿಸಿ, "ಅಲ್ಲಿರುವುದನ್ನು ನೀವು ಇಟ್ಟುಕೊಳ್ಳಬಹುದು" ಎಂದಳು.

ಆ ದಿನವೆಲ್ಲ ಇವರು ಮುಖ ತೊಳೆಯಲಿಲ್ಲ.

ವ್ಯಾನು ಬಾಡಿಗೆ ಕೊಡುವಲ್ಲಿ ಇನ್ನೊಬ್ಬಳು ಹುಡುಗಿ, ಎರಡನೆಯ ಚಾಲಕರ ಹೆಸರು ಬರೆದುಕೊಳ್ಳಲೇ ಎಂದು ಕೇಳಿದಳು. ನನ್ನ ಹತ್ತಿರ ಲೈಸೆನ್ಸ್ ಇತ್ತು. ಪರದೇಶದಲ್ಲಿ ಓಡಿಸುವ ಪರ್ಮಿಟ್ಟನ್ನೂ ಚಿತ್ರದುರ್ಗದಲ್ಲಿ ಇವರ ಜೊತೆಗೇ ಮಾಡಿಸಿಕೊಂಡಿದ್ದೆ. "ಬರ್ಕಳ್ಲಿ ಬಿಡು, ಇರ್ಲಿ" ಎಂದರು ಇವರು, ಮದುವೆ ಕಾರ್ಡಿನ ಕೊನೆಯಲ್ಲಿ ದೂರದ ನೆಂಟರ ಹೆಸರು ಹಾಕಿಸುವವರ ಉದಾರತೆಯಿಂದ.

ವ್ಯಾನು ಎತ್ತರವಾಗಿ, ಬೆಳ್ಳಗೆ, ಆಂಬುಲೆನ್ಸಿನ ಹಾಗಿತ್ತು. ಒಳಗೆ ಎರಡು ಒಲೆ, ಒಂದು ಸಿಂಕು, ಹಗಲು ಬೆಂಚಾಗಿ ರಾತ್ರಿ ಹಾಸಿಗೆಯಾಗುವ ಸೀಟುಗಳು. ಎಲ್ಲಕ್ಕೂ ಚಿಲಕ. ಮೊದಲ ತಿರುವಿನಲ್ಲಿ ನಾವು ಚಿಲಕ ಹಾಕದ ಡ್ರಾಯರೊಂದು ತೆರೆದುಕೊಂಡು ಚಮಚಗಳೆಲ್ಲ ಹೊರಗೆ ಬಿದ್ದವು. ಎರಡನೆಯ ತಿರುವಿನಲ್ಲಿ ಅವು ಇನ್ನೊಂದು ಕಡೆಗೆ ಜಾರಿಹೋದವು.

ಟೆಕಾಪೊ

ಟೆಕಾಪೊ ಸರೋವರದ ಬಣ್ಣವನ್ನು ವರ್ಣಿಸಲು ನಾನು ಮನಸ್ಸಿನಲ್ಲೇ ಮಾತು ಹುಡುಕುತ್ತಿದ್ದೆ. ನೀಲಿಗೆ ಹಾಲು ಬೆರೆಸಿದಂತೆ ಎನ್ನಲೇ, ನವಿಲಿನ ಕುತ್ತಿಗೆ ಎನ್ನಲೇ? ಅಷ್ಟರಲ್ಲಿ ಇವರು ಗಾಜು ಇಳಿಸಿ ಹೇಳಿದರು: "ಲೇ, ಮೈಲುತುತ್ತ! ಭೀಮಸಮುದ್ರದಾಗೆ ನಮ್ಮ ಮಾವ ಅಡಿಕೆಗೆ ಹೊಡೆಸ್ತಾರಲ್ಲ, ಅದೇ ಕಲರ್ ನೋಡು!" ಆಮೇಲೆ ನನಗೆ ಆ ನೀರು ಬೇರೆ ಯಾವ ಹಾಗೂ ಕಾಣಲಿಲ್ಲ.

ನಾನು ಹಿರಿಯೂರಿನ ಕಡೆಯವಳು. ದೊಡ್ಡ ನೀರು ಎಂದರೆ ನನಗೆ ಮಾರಿಕಣಿವೆ ಡ್ಯಾಮು. ಎರಡು ಗುಡ್ಡಗಳ ನಡುವೆ ನೀರು ಹಿಡಿದು ನಿಲ್ಲಿಸಿರುವುದನ್ನು ನೋಡುತ್ತ ಬೆಳೆದವಳು. ಅಲ್ಲಿ ಕೋಡಿ ಬಿದ್ದ ವರ್ಷ ಸುತ್ತಿನ ತಾಲ್ಲೂಕುಗಳ ಜನವೆಲ್ಲ ಬುತ್ತಿ ಕಟ್ಟಿಕೊಂಡು ಬಂದು, ನೀರು ನೋಡಿದ್ದಕ್ಕಿಂತ ಹೆಚ್ಚು ಒಬ್ಬರನ್ನೊಬ್ಬರು ನೋಡಿ ಹೋಗಿದ್ದರು. ಇಲ್ಲಿ ಅದರ ಎಷ್ಟೋ ಪಾಲು ದೊಡ್ಡ ನೀರು, ಹಿಂದೆ ತಲೆಗೆ ಹಿಮ ಹೊತ್ತ ಬೆಟ್ಟದ ಸಾಲು, ದಡದಲ್ಲಿ ಹಳದಿ ಎಲೆ ಉದುರಿಸುತ್ತ ನಿಂತ ಮರಗಳು. ನೋಡಲು ನಾವಿಬ್ಬರು ಮತ್ತು ಒಂದು ಬಾತುಕೋಳಿ. ಸುಟ್ಟ ಜೋಳ ಮಾರುವವನೊಬ್ಬನೂ ಇಲ್ಲದ ಸರೋವರವನ್ನು ನಾನು ಅದೇ ಮೊದಲು ಕಂಡದ್ದು. ಸೀಸನ್ ಮುಗಿದಿದೆ ಎಂದು ಜನ ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಿದ್ದರು. ನಾವೇ ಸೀಸನ್ ಮುಗಿಸಿ ಕಳಿಸಿದವರ ಹಾಗೆ ಜಂಬದಿಂದ ತಲೆಯಾಡಿಸುತ್ತಿದ್ದೆವು.

ಸಂಜೆ ಹಸಿವಾಗಿ ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ಎಣ್ಣೆ ಕಾದು, ಒಣಮೆಣಸಿನಕಾಯಿ ಬಿದ್ದು, ಘಾಟು ಎದ್ದಿತು. ತಕ್ಷಣ ವ್ಯಾನಿನ ಛಾವಣಿಯಲ್ಲಿದ್ದ ಬಿಳಿ ಗುಂಡಿಯೊಂದು ಕೀಂಯೋ ಎಂದು ಅರಚತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ನಮ್ಮ ಊರಿನ ಅಡುಗೆಮನೆಗಳಲ್ಲಿ ಇಂಥದ್ದೊಂದಿದ್ದರೆ ಊರಿಗೆ ಊರೇ ಬೆಳಗಿನಿಂದ ಸಂಜೆವರೆಗೆ ಅರಚುತ್ತಿರುತ್ತಿತ್ತು. ಇವರು ಟವೆಲ್ ಬೀಸಿದರು, ಊದಿದರು, ಕೊನೆಗೆ ಅದಕ್ಕೆ ಕೈಮುಗಿದರು. ಅದು ನಿಲ್ಲಲಿಲ್ಲ.

ಬಾಗಿಲು ತಟ್ಟಿದ ಸದ್ದು. ಪಕ್ಕದ ಹಳೆಯ ವ್ಯಾನಿನ ಹೆಂಗಸು. ಎಪ್ಪತ್ತರ ಹತ್ತಿರವಿರಬೇಕು. ನಾವು ಎರಡೆರಡು ಸ್ವೆಟರ್ ಹಾಕಿಕೊಂಡಿದ್ದ ಚಳಿಯಲ್ಲಿ ಆಕೆ ಚಡ್ಡಿಯಲ್ಲಿ ನಿಂತಿದ್ದಳು. ಕೈ ಚಾಚಿ ಛಾವಣಿಯ ಗುಂಡಿ ಒತ್ತಿ ಸದ್ದಡಗಿಸಿದಳು, ಕೆಮ್ಮಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಬಾಣಲೆಯ ಕಡೆ ನೋಡಿ, ಇದನ್ನು ತಿನ್ನುತ್ತಾರೋ ಅಥವಾ ಇದರಿಂದ ಏನನ್ನಾದರೂ ಓಡಿಸುತ್ತಾರೋ ಎಂದು ಕೇಳಿದಳು.

"ಒಳಗ್ ಬರ್ರಿ, ಕುಂತ್ಕಳ್ರಿ" ಎಂದರು ಇವರು, ಪರದೇಶದಲ್ಲಿದ್ದೇವೆ ಎಂಬುದನ್ನೇ ಮರೆತು. ಆಕೆಗೂ ಅರ್ಥವಾದಂತೆ ಬಂದು ಕುಳಿತಳು. ಹೆಸರು ರೂತ್. ಟಪಾಲು ಹಂಚುವ ಕೆಲಸದಿಂದ ನಿವೃತ್ತಿಯಾದ ಮೇಲೆ ಪ್ರತಿವರ್ಷ ಜನ ಕಡಿಮೆಯಾದಾಗ ಒಬ್ಬಳೇ ತಿರುಗುತ್ತಾಳೆ. ಮಂಡಕ್ಕಿಯನ್ನು ಎರಡು ತಟ್ಟೆ ತಿಂದಳು. ಪ್ರತಿ ತುತ್ತಿಗೂ ಮೂಗು ಒರೆಸಿಕೊಂಡು "ಚೆನ್ನಾಗಿದೆ" ಎಂದಳು. ಅದು ಮರ್ಯಾದೆಯ ಮಾತೋ ನಿಜವೋ ಎಂದು ಕಂಡುಹಿಡಿಯಲು ಆ ದೇಶದವರ ವಿಷಯದಲ್ಲಿ ಸಾಧ್ಯವೇ ಇಲ್ಲ.

ಮಾರನೆಯ ಬೆಳಿಗ್ಗೆ ಒಂದು ಸಂಕಟ ಕಾದಿತ್ತು. ವ್ಯಾನಿನ ಕಕ್ಕಸಿನ ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ. ಅದು ತುಂಬಿದಾಗ ಎಳೆದು, ಹಿಡಿಕೆ ಹಿಡಿದು ಒಯ್ದು, ಕ್ಯಾಂಪಿನ ಮೂಲೆಯ ಗುಂಡಿಗೆ ಸುರಿದು ತೊಳೆಯಬೇಕು. ವಿಡಿಯೋಗಳಲ್ಲಿ ಇದನ್ನು ತೋರಿಸಿರಲಿಲ್ಲವಂತೆ. ಇವರು ಯಾರಿಗೂ ಕಾಣದಿರಲಿ ಎಂದು ಬೆಳಕು ಹರಿಯುವ ಮೊದಲೇ ಮಫ್ಲರಿನಿಂದ ಮುಖ ಮುಚ್ಚಿಕೊಂಡು, ಪೆಟ್ಟಿಗೆಯನ್ನು ಶಾಲಿನೊಳಗೆ ಮರೆಮಾಡಿಕೊಂಡು ಹೊರಟರು. ಹೋಗಿ ನೋಡಿದರೆ ಕ್ಯಾಂಪಿನಲ್ಲಿದ್ದವರೆಲ್ಲ ಅಲ್ಲೇ ಇದ್ದರು! ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ, ಆಫೀಸಿಗೆ ಹೊರಟವರು ಟಿಫನ್ ಕ್ಯಾರಿಯರ್ ಹಿಡಿದ ಹಾಗೆ. ಎಲ್ಲರೂ ಗುಡ್ ಮಾರ್ನಿಂಗ್ ಹೇಳಿ, ಸಾಲಿನಲ್ಲಿ ನಿಂತು ಮಳೆಯ ವಿಚಾರ ಮಾತಾಡಿದರಂತೆ. ಒಬ್ಬರು ಇವರನ್ನು ಯಾವ ಊರು ಎಂದೂ ಕೇಳಿದರಂತೆ.

"ಏನ್ ಹೇಳಿದ್ರಿ?"

"ಬೆಂಗ್ಳೂರು ಅಂದೆ" ಎಂದರು. ಹೊಸದುರ್ಗದ ಮಾನ ಉಳಿಯಿತು.

ಓಹಾವು

ಸೀಸನ್ ಇಲ್ಲದ ಕಾಲದಲ್ಲಿ ತಿರುಗುವವರು ಕಡಿಮೆ. ಹಾಗಾಗಿ ಒಂದು ಸರೋವರದಲ್ಲಿ ಕಂಡವರೇ ಇನ್ನೊಂದರಲ್ಲೂ ಸಿಗುತ್ತಾರೆ. ಓಹಾವು ಸರೋವರದ ಕ್ಯಾಂಪಿಗೆ ನಾವು ಹೋದಾಗ ರೂತಳ ವ್ಯಾನು ಆಗಲೇ ನೀರಿನ ಪಕ್ಕದ ಒಳ್ಳೆಯ ಜಾಗ ಹಿಡಿದು ನಿಂತಿತ್ತು. ಆಕೆ ಬಾಗಿಲಲ್ಲಿ ಕುಳಿತು ಹೆಣೆಯುತ್ತಿದ್ದಳು.

ಅಲ್ಲಿಂದ ಒಂದು ಕಾಲುದಾರಿ ಕಾಡಿನೊಳಗೆ ಹೊಕ್ಕು ಬೆಟ್ಟ ಏರುತ್ತದೆ. ಇವರು ಶೂಸಿನ ದಾರ ಬಿಗಿದು, "ಚಿತ್ರದುರ್ಗದ ಕೋಟೆ ಹತ್ತಿದೋರಿಗೆ ಇದ್ಯಾವ ಲೆಕ್ಕ" ಎಂದು ಮುಂದೆ ನಡೆದರು. ಕೋಟೆಯನ್ನು ಇವರು ಕೊನೆಯ ಸಲ ಹತ್ತಿದ್ದು ಮದುವೆಗೆ ಮೊದಲು.

ಕಾಡು ಚೆನ್ನಾಗಿತ್ತು. ಮರಗಳ ಕಾಂಡಕ್ಕೆಲ್ಲ ಪಾಚಿ, ನೆಲವೆಲ್ಲ ಮೆತ್ತೆ. ಎಲ್ಲೋ ನೀರಿಳಿಯುವ ಸದ್ದು. ಎದುರಿಗೆ ಬಂದವರು ಒಬ್ಬಿಬ್ಬರೇ ಆದರೂ ಪ್ರತಿಯೊಬ್ಬರೂ ನಿಂತು ಹಲೋ ಹೇಳಿ, ದಾರಿ ಬಿಟ್ಟು, ದಾರಿ ಬಿಟ್ಟದ್ದಕ್ಕೆ ತಾವೇ ಸಾರಿ ಹೇಳಿ ಹೋಗುತ್ತಿದ್ದರು. ಮರಗಳು ಮುಗಿದು ಬಯಲಾದಲ್ಲಿ ಕೆಳಗೆ ಸರೋವರ ಉದ್ದಕ್ಕೆ ಬಿದ್ದಿತ್ತು. ಗಾಳಿಯೋ, ನಮ್ಮ ಜೋಗಿಮಟ್ಟಿ ಗುಡ್ಡದ ಗಾಳಿಗೆ ಐಸು ಸವರಿ ಕಳಿಸಿದ ಹಾಗೆ. ಇವರು ವಿಡಿಯೋ ಮಾಡಿಕೊಂಡರು. ತೃಪ್ತಿಯಾಗದೆ ಇಳಿಯುವಾಗಲೂ ಮಾಡುತ್ತ ಬಂದರು. "ನಮಸ್ಕಾರ ಸ್ನೇಹಿತ್ರೇ, ಈಗ ನಾವು..." ಎಂದದ್ದಷ್ಟೇ ನನಗೆ ಕೇಳಿಸಿತು. ಒದ್ದೆ ಬೇರಿನ ಮೇಲೆ ಎಡಗಾಲು ಜಾರಿ, ಕೆಳಗೆ ಮಡಿಚಿಕೊಂಡು, ಸ್ನೇಹಿತರ ಮುಂದೆಯೇ ಕುಸಿದರು.

ಮೊದಲು ನಗು ಬಂತು. ಮುಖ ನೋಡಿದ ಮೇಲೆ ಬರಲಿಲ್ಲ. ಬಣ್ಣ ಹೋಗಿ ತುಟಿ ಬೆಳ್ಳಗಾಗಿತ್ತು. ಕಣಕಾಲು ನೋಡುನೋಡುತ್ತಲೇ ಊದಿಕೊಂಡಿತು. ಇವರ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದೆ. ಹೆಜ್ಜೆಹೆಜ್ಜೆಗೆ "ಸ್ವಲ್ಪ ನಿಲ್ಲು, ಸ್ವಲ್ಪ ನಿಲ್ಲು" ಎನ್ನುತ್ತಿದ್ದರು. ಸದಾ ಮಾತಾಡುವ ಗಂಡಸು ಬೇರೆ ಮಾತೇ ಇಲ್ಲದೆ ನಿಂತರೆ ಎಷ್ಟು ಭಾರ ಎಂದು ಆಗ ಗೊತ್ತಾಯಿತು. ಕೆಳಗಿನ ತಿರುವಿನಲ್ಲಿ, ನಾವಿನ್ನೂ ಬರಲಿಲ್ಲವೆಂದು ಹತ್ತಿಬರುತ್ತಿದ್ದ ರೂತ್ ಸಿಕ್ಕಿದಳು. ಇನ್ನೊಂದು ಹೆಗಲು ಕೊಟ್ಟಳು.

ಆಸ್ಪತ್ರೆ ಇರುವುದು ಟ್ವೈಝೆಲ್ ಎಂಬ ಪುಟ್ಟ ಊರಿನಲ್ಲಿ. ವ್ಯಾನಿಗೆ ಕ್ಲಚ್ ಇದೆ. ಕ್ಲಚ್ ತುಳಿಯಲು ಬೇಕಾದದ್ದು ಎಡಗಾಲು. ಇವರು ಬೆಂಚಿನ ಮೇಲೆ ಕಾಲು ಚಾಚಿ ಒಂದು ಗಳಿಗೆ ಲೆಕ್ಕ ಹಾಕಿ, ನನ್ನ ಕಡೆ ತಿರುಗಿದರು.

"ಲೇ, ಆಯಮ್ಮನ್ನ ಕೇಳು. ಗಟ್ಟಿಗಿತ್ತಿ ಅವಳೆ, ಓಡುಸ್ತಾಳೆ."

"ನನ್ನ ಹೆಸ್ರೂ ಬರ್ಸಿದೀವಲ್ರೀ."

"ಅದು ಕಾಗ್ದದಾಗೆ ಕಣೇ. ಇದು ಗಾಡಿ."

ಊರಿನಲ್ಲಿ ನಾನು ಸ್ಕೂಟಿಯವಳು. ಕಾರು ಕಲಿತಿದ್ದೆ, ಲೈಸೆನ್ಸ್ ಪರೀಕ್ಷೆಯಲ್ಲಿ ಇವರಿಗಿಂತ ಚೆನ್ನಾಗಿ ಗಾಡಿಯಲ್ಲಿ ಎಂಟು ಬರೆದಿದ್ದೆ. ಒಮ್ಮೆ ಹೊಳಲ್ಕೆರೆಯಲ್ಲಿ ಮದುವೆ ಮುಗಿಸಿ ಬರುವಾಗ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ರೈಲ್ವೆ ಗೇಟು ಏಳುವ ಹೊತ್ತಿಗೆ ಗಾಡಿ ಆಫಾಯಿತು. ಹಿಂದೆ ಲಾರಿಯವನು ಹಾರನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಇವರು ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆಗೆದರು. ನಾನು ಇಳಿದೆ. ಅಷ್ಟೇ. ಜಗಳವಾಗಲಿಲ್ಲ. ಆಮೇಲೆ ಅವರು ಓಡಿಸು ಅನ್ನಲಿಲ್ಲ, ನಾನು ಓಡಿಸ್ತೀನಿ ಅನ್ನಲಿಲ್ಲ.

ರೂತಳಿಗೆ ಕನ್ನಡ ಬರುವುದಿಲ್ಲ. ಆದರೆ ಗಾಡಿಯ ವಿಷಯಕ್ಕೆ ಗಂಡಹೆಂಡತಿ ಆಡುವ ಮಾತು ಎಲ್ಲ ದೇಶದವರಿಗೂ ತಿಳಿಯುತ್ತದೇನೋ.

"ನಿನ್ನ ಹತ್ತಿರ ಲೈಸೆನ್ಸ್ ಇದೆಯಾ?" ಎಂದು ನನ್ನನ್ನು ಕೇಳಿದಳು.

"ಇದೆ."

"ನಾನು ಇವತ್ತು ನಿಮ್ಮನ್ನು ಊರಿಗೆ ಬಿಡಬಲ್ಲೆ. ನಾಳೆ ಯಾರು ಓಡಿಸುತ್ತಾರೆ? ನಾಡಿದ್ದು?"

ಆಕೆ ಕೀಲಿಕೈಯನ್ನು ಇವರ ಜೇಬಿನ ಹತ್ತಿರ ಕೈಯೊಡ್ಡಿ ಕೇಳಿ ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟಳು. "ಕ್ಯಾಂಪು ಖಾಲಿ ಇದೆ. ಒಂದು ಸುತ್ತು ಹಾಕು. ನಾನು ಪಕ್ಕದಲ್ಲಿ ಕೂರುತ್ತೇನೆ."

ಮೊದಲ ಸುತ್ತಿನಲ್ಲಿ ವ್ಯಾನು ಕಪ್ಪೆಯಂತೆ ಕುಪ್ಪಳಿಸಿತು. ಹಿಂದಿನ ಸೀಟಿನಿಂದ "ಅಯ್ಯೋ ನನ್ ಕಾಲು" ಎಂಬ ಕೂಗು. ಎರಡನೆಯ ಸುತ್ತಿಗೆ ಗೇರು ಎಲ್ಲಿದೆ ಎಂದು ನೋಡದೆ ಕೈ ಹೋಯಿತು. ರೂತ್ ಹೇಳಿದ್ದು ಎರಡೇ ಮಾತು: ನಿಧಾನವಾಗಿ ಹೋಗುವುದು ತಪ್ಪಲ್ಲ. ಹಿಂದೆ ಗಾಡಿಗಳು ಸೇರಿಕೊಂಡರೆ ಎಡಕ್ಕೆ ಸರಿದು ಬಿಟ್ಟುಕೊಡು, ಅದರಲ್ಲಿ ಸೋಲಿಲ್ಲ. ಆಮೇಲೆ ಇಳಿದು, ಬಾಗಿಲು ಹಾಕಿ, ವ್ಯಾನಿನ ಮಗ್ಗುಲನ್ನು ಎಮ್ಮೆಯ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿದಳು.

ಟ್ವೈಝೆಲ್‌ವರೆಗೆ ದಾರಿ ಖಾಲಿಯಾಗಿತ್ತು. ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನವನು. ಅಲ್ಲಿ ಇಲ್ಲಿ ಒತ್ತಿ, ಮುರಿದಂತೆ ಕಾಣುವುದಿಲ್ಲ ಎಂದು ಪಟ್ಟಿ ಬಿಗಿದು ಕೊಟ್ಟ. ಖಚಿತಕ್ಕೆ ಎಕ್ಸ್‌ರೇ ಮಾಡಿಸಿ, ಮುಂದೆ ವಾನಕದಲ್ಲಿ ಆಗುತ್ತದೆ ಎಂದ. ನಡುವೆ ಲಿಂಡಿಸ್ ಕಣಿವೆ ಎಂಬ ಬೆಟ್ಟದ ಘಾಟಿ ದಾಟಬೇಕು. ನಾಳೆ ಮಧ್ಯಾಹ್ನದ ಮೇಲೆ ಅಲ್ಲಿ ಹಿಮ ಬೀಳಬಹುದು, ಬಿದ್ದರೆ ರಸ್ತೆ ಮುಚ್ಚಬಹುದು, ಬೆಳಿಗ್ಗೆಯೇ ದಾಟಿಬಿಡಿ ಎಂದ. ನಮ್ಮ ವ್ಯಾನು ಒಪ್ಪಿಸಬೇಕಾದದ್ದೂ, ವಿಮಾನ ಹತ್ತಬೇಕಾದದ್ದೂ ಆ ಕಡೆಯ ಊರಿನಲ್ಲಿ. ಕಣಿವೆ ದಾಟದೆ ಬೇರೆ ದಾರಿ ಇರಲಿಲ್ಲ.

ಲಿಂಡಿಸ್ ಕಣಿವೆ

ರಾತ್ರಿ ಟ್ವೈಝೆಲ್‌ನಲ್ಲೇ ಉಳಿದೆವು. ಬೆಳಿಗ್ಗೆ ಇವರು ಸ್ನಾನ ಮಾಡಿ, ಲಿಂಗಪೂಜೆ ಮಾಡಿಕೊಂಡು, ಬರಿಯ ಹಣೆಯಲ್ಲಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕುಳಿತರು. ಪೂಜೆ ಆ ದಿನ ಸ್ವಲ್ಪ ಹೆಚ್ಚು ಹೊತ್ತು ನಡೆದಿತ್ತು.

ಊರು ದಾಟುವ ಮೊದಲೇ ಶುರುವಾಯಿತು. "ಎರಡಕ್ ಹಾಕು. ಹಾಕಿದ್ಯಾ? ಮೂರಕ್ ಹಾಕು. ಬ್ಯಾಡ, ಬ್ಯಾಡ, ಎರಡ್ರಾಗೇ ಇರ್ಲಿ. ಲೈಟ್ ನೋಡು. ಆ ಕುರಿ ನೋಡು." ಕುರಿ ಬೇಲಿಯ ಆಚೆ, ಹೊಲದ ನಡುವೆ, ನಮಗೆ ಬೆನ್ನು ಹಾಕಿ ಮೇಯುತ್ತಿತ್ತು. ಬ್ರೇಕಿಲ್ಲದ ಬಲಗಾಲಿನಿಂದ ಇವರು ನೆಲವನ್ನು ಒತ್ತುತ್ತಲೇ ಇದ್ದರು. ಎದುರಿಗೆ ಲಾರಿ ಬಂದಾಗ "ಹ್ಹಾ!" ಎಂದು ಉಸಿರೆಳೆದುಕೊಂಡ ಸದ್ದಿಗೆ ನನ್ನ ಕೈ ನಿಜವಾಗಿಯೂ ಅಲುಗಿತು, ವ್ಯಾನು ರಸ್ತೆಯ ಬಿಳಿ ಗೆರೆ ಮುಟ್ಟಿ ಬಂತು.

ಬೆಟ್ಟ ಏರುವ ಮೊದಲು ಸಿಕ್ಕಿದ ಅಗಲ ಜಾಗದಲ್ಲಿ ಎಡಕ್ಕೆ ಎಳೆದು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಾಕಿದೆ.

"ಯಾಕೆ? ಏನಾತು?"

"ಹಿಂದಕ್ ಹೋಗಿ ಕುಂತ್ಕಳ್ರಿ."

"ಯಾಕೇ? ನಾನೇನ್ ಮಾಡ್ದೆ?"

"ರೀ, ಇಷ್ಟ್ ವರ್ಷ ನಿಮ್ ಪಕ್ಕದಾಗೆ ಬಾಯಿ ಮುಚ್ಕಂಡು ಕುಂತಿದೀನಿ. ಐಮಂಗಲದ ಹತ್ರ ಆ ಬಸ್ಸನ್ನ ಹಿಂದಾಕಕ್ಕೆ ಹೋದಾಗ್ಲೂ ಒಂದ್ ಮಾತಾಡಿಲ್ಲ. ಇವತ್ತು ನಂಗೆ ಹೆದ್ರಿಕೆ ಆಗ್ತೈತೆ. ನನ್ ಹೆದ್ರಿಕೆ ಒಂದ್ ಸಾಕು, ನಿಮ್ದೂ ಸೇರ್ಸಿ ಓಡ್ಸಕ್ಕಾಗಲ್ಲ."

ದನಿ ಏರಿಸಿರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಹೇಳುವ ಹಾಗೇ ಹೇಳಿದ್ದೆ. ಇವರು ಕುಂಟುತ್ತ ಹಿಂದೆ ಹೋಗಿ ಬೆಲ್ಟು ಕಟ್ಟಿಕೊಂಡರು. ಹಿಂದಿನ ಆ ಸೀಟು ವ್ಯಾನಿನ ಹಿಂಗಾಜಿಗೆ ಮುಖ ಮಾಡಿರುವುದು. ಇವರಿಗೆ ಇನ್ನು ಮುಂದೆ ಬರುವುದೇನೂ ಕಾಣುವಂತಿರಲಿಲ್ಲ, ಆಗಿಹೋದದ್ದು ಮಾತ್ರ.

ಕಣಿವೆಯ ಬೆಟ್ಟಗಳಿಗೆ ಮರವೇ ಇಲ್ಲ. ಕಂದು ಹುಲ್ಲು ಹೊದ್ದ, ಉಜ್ಜಿ ನಯ ಮಾಡಿದಂಥ ಗುಡ್ಡಗಳು ಒಂದರ ಹಿಂದೆ ಒಂದು ಮಲಗಿದ್ದವು. ಬೇಸಿಗೆಯಲ್ಲಿ ನಮ್ಮ ಕಡೆಯ ಗುಡ್ಡಗಳು ಹೀಗೇ ಇರುತ್ತವೆ, ಕಲ್ಲು ಕಿತ್ತು, ಗಾಳಿಯಂತ್ರ ಕಿತ್ತು, ಹುಲ್ಲಿಗೆ ಎಣ್ಣೆ ಹಚ್ಚಿ ಬಾಚಿದರೆ. ಮೋಡ ತೀರಾ ಕೆಳಗೆ ಬಂದಿತ್ತು. ರಸ್ತೆ ತಿರುಗುತ್ತ ಏರುತ್ತಿತ್ತು. ಎಂಜಿನ್ನಿನ ದನಿ ಕೇಳಿ ಗೇರು ಇಳಿಸಿದೆ. ಯಾರೂ ಹೇಳಿಕೊಡದೆ ಅದು ಸರಿಯಾಗಿ ಬಿತ್ತು.

ಹಿಂದಿನಿಂದ ದನಿ ಬಂತು, ಮೊದಲಿಗಿಂತ ಸಣ್ಣಗೆ.

"ಒಂದ್ ಮಾತು ಹೇಳ್ಲಾ?"

"ಹೇಳ್ರಿ."

"ಹಿಂದೆ ನಾಕೈದು ಗಾಡಿ ಅವೆ. ಪಾಪ, ಹಾರನ್ನೂ ಹೊಡೀತಿಲ್ಲ."

ಎಡಕ್ಕೆ ಜಾಗ ಬಂತು, ಸರಿದೆ. ಗಾಡಿಗಳು ಒಂದೊಂದಾಗಿ ದಾಟಿದವು. ಪ್ರತಿಯೊಬ್ಬರೂ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋದರು. ಹಿಂದಿನಿಂದ "ಯಾರಿಲ್ಲ. ರೈಟ್, ರೈಟ್!" ಎಂದು ಕೇಳಿಸಿತು, ಸಾಕ್ಷಾತ್ ಹಿರಿಯೂರು ಬಸ್ಸಿನ ಕಂಡಕ್ಟರ್. ಹೊರಟೆ. ಸ್ವಲ್ಪ ದೂರದಲ್ಲಿ "ಹೋಲ್ಡಾನ್, ಲಾರಿ ಬತ್ತೈತೆ" ಎಂದಿತು ದನಿ. ಮತ್ತೆ ಸರಿದೆ. "ರೈಟ್!" ಹೀಗೆ ನಾನು ಮುಂದಿನದನ್ನೂ ಇವರು ಹಿಂದಿನದನ್ನೂ ನೋಡಿಕೊಂಡು ಕಣಿವೆಯ ನೆತ್ತಿಗೆ ಬಂದೆವು. ಇಷ್ಟು ಹೊಂದಾಣಿಕೆಯಿಂದ ನಾವು ಊರಿನಲ್ಲಿ ಒಂದು ಮಂಚವನ್ನೂ ಸರಿಸಿಲ್ಲ.

ಇಳಿಜಾರಿನಲ್ಲಿ ಹಿಮ ಶುರುವಾಯಿತು. ಡಾಕ್ಟರು ಹೇಳಿದ್ದಕ್ಕಿಂತ ಬಹಳ ಮೊದಲೇ. ನಾನು ಬದುಕಿನಲ್ಲಿ ನೋಡಿದ ಮೊದಲ ಹಿಮ ಅದು, ಆದರೆ ನೋಡಲು ಆಗಲಿಲ್ಲ. ಮಂಡಕ್ಕಿಯಷ್ಟು ಹಗುರಾಗಿ ಬಂದು ಗಾಜಿಗೆ ಬಡಿಯುತ್ತಿತ್ತು, ವೈಪರು ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಗುಡ್ಡದ ನೆರಳು ಬಿದ್ದ ಒಂದು ತಿರುವಿನಲ್ಲಿ ರಸ್ತೆ ಕಪ್ಪಗೆ ಹೊಳೆಯಿತು. ಒದ್ದೆ ಅಂದುಕೊಂಡೆ. ಒದ್ದೆಯಲ್ಲ, ಹೆಪ್ಪುಗಟ್ಟಿದ ನೀರು. ಸ್ಟಿಯರಿಂಗ್ ಇದ್ದಕ್ಕಿದ್ದ ಹಾಗೆ ಹಗುರವಾಯಿತು. ವ್ಯಾನಿನ ಹಿಂಭಾಗ ತಾನೇ ಬೇರೆ ಕಡೆ ಹೊರಟ ಹಾಗೆ ಮೆಲ್ಲಗೆ ಬಲಕ್ಕೆ ಜಾರತೊಡಗಿತು. ಬಲಗಡೆ ಒಂದು ತಂತಿ ಬೇಲಿ, ಅದರಾಚೆ ಹಳ್ಳ.

ಬ್ರೇಕ್ ತುಳಿಯಬೇಕೆಂದು ಕಾಲು ಕೇಳಿತು, ತುಳಿದರೆ ವ್ಯಾನು ಪೂರ್ತಿ ಜಾರುತ್ತಿತ್ತು. ತುಳಿಯಲಿಲ್ಲ. ಹೇಗೆ ತುಳಿಯದೇ ಉಳಿದೆ ಎಂದು ಈಗ ಕೇಳಿದರೂ ನನಗೆ ಗೊತ್ತಿಲ್ಲ. ಕಾಲು ಎತ್ತಿದೆ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹೋಗಬೇಕಾದ ಕಡೆಗೇ ನೋಡಿದೆ. ಒಳಗೆ ಎಲ್ಲೋ ಲೋಟ ಉರುಳಿತು. ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು. ವ್ಯಾನು ಒಮ್ಮೆ ಅಲುಗಾಡಿ ನೆಟ್ಟಗಾಯಿತು. ನಾನು ಉಸಿರು ಬಿಟ್ಟದ್ದು ಮುಂದಿನ ತಿರುವು ಕಳೆದ ಮೇಲೆ.

ಜಾರಿದ ಗುರುತನ್ನು ಜಲ್ಲಿಯ ಮೇಲೆ ಪೂರ್ತಿಯಾಗಿ ನೋಡಿದವರು ಹಿಂದೆ ಕುಳಿತ ಇವರೇ. ಬಹಳ ಹೊತ್ತಿನ ಮೇಲೆ ದನಿ ಬಂತು, ಮೆಲ್ಲಗೆ: "ರೈಟ್."

ಕೆಳಗಿನ ಬಯಲಲ್ಲಿ ಹಿಮವಿರಲಿಲ್ಲ, ತೆಳು ಬಿಸಿಲಿತ್ತು. ದ್ರಾಕ್ಷಿ ತೋಟವೊಂದರ ಪಕ್ಕ ನಿಲ್ಲಿಸಿದೆ. ಸ್ಟಿಯರಿಂಗಿನಿಂದ ಬೆರಳು ಬಿಡಿಸಿಕೊಳ್ಳಲಾಗಲಿಲ್ಲ. ಆಮೇಲೆ ಅಳು ಬಂತು. ಯಾಕೆ ಎಂದು ಗೊತ್ತಾಗದ, ಶಬ್ದವಿಲ್ಲದ ಅಳು. ಇವರು ಹಿಂದಿನಿಂದ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಸಿಂಕು ಹಿಡಿದು ಒಲೆ ಹಿಡಿದು ಮುಂದೆ ಬಂದರು. ಶಭಾಷ್ ಎನ್ನುತ್ತಾರೇನೋ ಎಂದುಕೊಂಡೆ.

"ಟೀ ಇಡ್ಲಾ?" ಎಂದರು.

ಮದುವೆಯಾದಾಗಿನಿಂದ ಇವರು ನನಗೆ ಟೀ ಮಾಡಿಕೊಟ್ಟದ್ದಿಲ್ಲ. ಸಕ್ಕರೆ ಜಾಸ್ತಿಯಾಗಿ ಪಾನಕದಂತಿತ್ತು. ಎರಡು ಲೋಟ ಕುಡಿದೆ.

"ಗಿರಿಜಾ" ಎಂದರು ಕಿಟಕಿಯ ಕಡೆ ನೋಡುತ್ತ. "ಅಲ್ಲಿ ನಾನಾಗಿದ್ರೆ ಬ್ರೇಕ್ ಹೊಡೀತಿದ್ದೆ ಕಣೇ."

ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಬಾಯಿಂದ ಬರುವಂಥದ್ದಲ್ಲ.

ಹಾವೆಯ

ವಾನಕದಲ್ಲಿ ಎಕ್ಸ್‌ರೇ ಆಯಿತು. ಮೂಳೆ ಗಟ್ಟಿಯಾಗಿತ್ತು. ಅದನ್ನು ಇವರು ತಮ್ಮ ಸಾಧನೆಯಂತೆ ಸ್ವೀಕರಿಸಿ ಡಾಕ್ಟರಿಗೆ ರಾಗಿಮುದ್ದೆಯ ಮಹತ್ವ ವಿವರಿಸಿದರು. ಕೆಲವು ದಿನ ಕಾಲೂರಬಾರದು ಎಂದು ಅವರು ಹೇಳಿ ಕಳಿಸಿದರು. ಸಮೀಪದ ಹಾವೆಯ ಸರೋವರದ ದಡದಲ್ಲಿ ವ್ಯಾನು ನಿಲ್ಲಿಸಿಕೊಂಡು ಉಳಿದುಬಿಟ್ಟೆವು.

ಆ ದಿನಗಳಲ್ಲಿ ವಿಡಿಯೋದ ಗಂಡಸರಂತೆ ಇವರು ಪಾತ್ರೆ ತೊಳೆದರು. ನಿಂತು ತೊಳೆಯಲಾಗದೆ ಸಿಂಕಿನ ಪಕ್ಕ ಸ್ಟೂಲು ಹಾಕಿಕೊಂಡು, ಒಂದೊಂದು ಚಮಚವನ್ನೂ ಬೆಳಕಿಗೆ ಹಿಡಿದು ನೋಡಿ ತೊಳೆದರು. ಕಕ್ಕಸಿನ ಪೆಟ್ಟಿಗೆ ಮಾತ್ರ ನನ್ನ ಪಾಲಿಗೆ ಬಂತು. ನಾನು ಮುಖ ಮುಚ್ಚಿಕೊಳ್ಳದೆ ಒಯ್ದೆ. ಸಾಲಿನಲ್ಲಿದ್ದವರು ಯಾವ ಊರು ಎಂದು ಕೇಳಿದಾಗ ಹೊಸದುರ್ಗ ಎಂದೆ. ಅದು ಎಲ್ಲಿದೆ ಎಂದು ಅವರು ಆಸಕ್ತಿಯಿಂದ ಕೇಳಿದರು, ನಾನು ಪೆಟ್ಟಿಗೆ ಕೆಳಗಿಟ್ಟು ಮರಳಿನ ಮೇಲೆ ನಕ್ಷೆ ಬರೆದು ತೋರಿಸಿದೆ.

ಹೊರಡುವ ಹಿಂದಿನ ದಿನ ಬಿಸಿಲು ಚೆನ್ನಾಗಿತ್ತು. ಕ್ಯಾಂಪಿನ ಹಿಂದೆಯೇ ಒಂದು ಬೆಟ್ಟ, ಅದಕ್ಕೊಂದು ಕಾಲುದಾರಿ.

"ಹೋಗ್ಬಾ" ಎಂದರು ಇವರು. "ನಾನು ಇಲ್ಲಿಂದ್ಲೇ ನೋಡ್ತಿರ್ತೀನಿ."

ಬೆಟ್ಟವನ್ನು ನಾನು ಒಬ್ಬಳೇ ಹತ್ತಿದ್ದು ಅದೇ ಮೊದಲು. ಕೋಟೆಗೆ ಹೋದಾಗಲೆಲ್ಲ ಶಾಲೆಯ ಮಕ್ಕಳ ಸಾಲು ಇರುತ್ತಿತ್ತು. ತಲೆ ಎಣಿಸುವುದು, ಕೋತಿಯಿಂದ ಬುತ್ತಿ ಕಾಪಾಡುವುದು, ಬಂಡೆಯ ಅಂಚಿಗೆ ಹೋದವನನ್ನು ಕೂಗಿ ಕರೆಯುವುದು, ಇದರಲ್ಲೇ ಬೆಟ್ಟ ಮುಗಿಯುತ್ತಿತ್ತು. ಇಲ್ಲಿ ಎಣಿಸಲು ಯಾರೂ ಇಲ್ಲ. ನನ್ನ ಶೂಸಿನ ಸದ್ದು, ಹುಲ್ಲಿನಲ್ಲಿ ಗಾಳಿ, ಆಗಾಗ ಒಂದು ಹಕ್ಕಿ. ಬೇಕೆಂದಲ್ಲಿ ನಿಂತೆ. ಏದುಸಿರು ಬಂದಾಗ 'ಯಾಕೆ, ಸುಸ್ತಾಯ್ತಾ?' ಎಂದು ಯಾರೂ ಕೇಳಲಿಲ್ಲ. ಕೇಳದಿದ್ದಕ್ಕೋ ಏನೋ ಸುಸ್ತೂ ಆಗಲಿಲ್ಲ. ಹಿಂದಿನ ಸಲ ನೋಡಲಾಗದೇ ಹೋದ ಹಿಮ ದಾರಿಯ ಪಕ್ಕ ಕಲ್ಲಿನ ನೆರಳಿನಲ್ಲಿ ಒಂದು ಹಿಡಿ ಉಳಿದಿತ್ತು. ಕೈಗವಸು ತೆಗೆದು ಮುಟ್ಟಿದೆ. ಅಂಗೈ ಸುಟ್ಟ ಹಾಗಾಯಿತು.

ದಾರಿಯಲ್ಲಿ ಇನ್ನೊಬ್ಬಳು ಹೆಂಗಸು ನನ್ನನ್ನು ದಾಟಿ, ಹಲೋ ಹೇಳಿ, ಸಾರಿ ಹೇಳಿ, ಇನ್ನೊಂದು ಕವಲು ಹಿಡಿದು ಹೋದಳು. ಅವಳದು ನನ್ನಂತೆಯೇ ಕಡುನೀಲಿ ಜಾಕೆಟ್ಟು, ತಲೆಗೆ ನನ್ನಂತೆಯೇ ಟೊಪ್ಪಿಗೆ.

ಮೇಲೆ ಒಂದು ಚಪ್ಪಟೆ ಬಂಡೆ ಸಿಕ್ಕಿತು. ಕುಳಿತು ಕೆಳಗೆ ನೋಡಿದೆ. ಸರೋವರ ಅಲುಗದೆ ಮಲಗಿತ್ತು. ದಡದಲ್ಲಿ ನಮ್ಮ ವ್ಯಾನು ಸಕ್ಕರೆ ಅಚ್ಚಿನಷ್ಟು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ ಒಂದು ಚುಕ್ಕೆ. ನೋಡುತ್ತಿದ್ದಂತೆ ಚುಕ್ಕೆ ಎದ್ದು ನಿಂತಿತು, ಒಂದೇ ಕಾಲಲ್ಲಿ. ಕೈಯಲ್ಲಿದ್ದ ಕೆಂಪು ಟವೆಲ್ಲನ್ನು ತಲೆಯ ಮೇಲೆತ್ತಿ ಬೀಸತೊಡಗಿತು. ನನ್ನ ಎದೆ ತುಂಬಿ ಬಂತು. ನಾನೂ ಎದ್ದು ಕೈ ಎತ್ತಿದೆ.

ಆಗ ಗಮನಿಸಿದೆ. ಇವರು ನೋಡುತ್ತಿದ್ದದ್ದು ನನ್ನ ಕಡೆಯಲ್ಲ. ದೂರದ ಇನ್ನೊಂದು ದಿಣ್ಣೆಯ ಮೇಲೆ ಆ ನೀಲಿ ಜಾಕೆಟ್ಟಿನ ಹೆಂಗಸು ನಿಂತಿದ್ದಳು. ಇವರ ಟವೆಲ್ಲು ಪೂರ್ತಿ ಅವಳಿಗೇ ಬೀಸುತ್ತಿತ್ತು. ಅವಳು ಅತ್ತಿತ್ತ ನೋಡಿದಳು, ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಒಳ್ಳೆಯ ಜನ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಕೊನೆಗೆ ಅವಳೂ ಎರಡೂ ಕೈ ಎತ್ತಿ ಬೀಸಿದಳು. ಇವರು ಸಂತೋಷದಿಂದ ಇನ್ನೂ ಜೋರಾಗಿ ಬೀಸಿದರು, ಆಯ ತಪ್ಪಿ, ಕುರ್ಚಿ ಹಿಡಿದು ನಿಂತು, ಮತ್ತೆ ಬೀಸಿದರು.

ನಾನು ಬಂಡೆಯ ಮೇಲೆ ಕುಳಿತು ಕಿತ್ತಳೆಹಣ್ಣು ಸುಲಿದೆ. ಇಳಿಯಲು ಅವಸರವೇನೂ ಇರಲಿಲ್ಲ.